ಹಾಸ್ಯಪ್ರಸಂಗಕ್ಕೆ ಗೀಟು ಎಳೆಯದಿರೋಣ

ಈ ಸ್ಮರಣ ಸಂಚಿಕೆಗಾಗಿ ರಂಗಭೂಮಿ ಮತ್ತು ವಿದ್ಯಾರ್ಥಿ ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಯಿತ್ತಾಗ, ಕನ್ನಡ ಪಂಡಿತನಾದ ನಾನು ಶಾಕುಂತಲವನ್ನೋ ಗದಾಯುದ್ಧವನ್ನೋ ಎತ್ತಿಕೊಂಡು ರಸವಿಮರ್ಶೆ ಮಾಡುವೆನೆಂದು ಅವರು ಎಣಿಸಿದ್ದರೆ ಅದು ಸಹಜವೇ. ಆದರೆ ನಾನು ಬರೆಯಹೊರಟಿರುವುದು ಗಂಭೀರ ನಾಟಕವನ್ನು ಕುರಿತಲ್ಲ. ಗಂಭೀರವಾದುದನ್ನು ಅಣಕಿಸಿ ಜನರನ್ನು ನಗಿಸಿದ ನಾಟಕಗಳನ್ನು ಕುರಿತು. ಅವು ಸಮುದ್ರವನ್ನು ದಾಟಿ ನಮ್ಮ ನಾಡಿಗೆ ಬಂದ ಬಗೆಯನ್ನು ಕುರಿತು. ಕೊನೆಗೆ, ಅಂಥದೊಂದು ಹಾಸ್ಯಪ್ರಸಂಗಕ್ಕೆ ನಾನೇ ಮಾಡಿದ ಅನ್ಯಾಯವನ್ನು ಕುರಿತು. ವಾಚಕ ಮಹಾಶಯರು ಸಾವಧಾನಚಿತ್ತರಾಗಿ ಆಲಿಸಬೇಕೆಂದು ಪ್ರಾರ್ಥನೆ.

ಹಾಸ್ಯವೆಂಬುದು ಕೀಳು, ಅದು ಪಾಮರರ ವಿನೋದ ಎಂಬ ಭಾವನೆ ಓದಿದವರಲ್ಲಿ ಬೇರೂರಿದೆ. ಶಾಸ್ತ್ರವು ಹಾಗೆನ್ನುವುದಿಲ್ಲ. ಭರತಮುನಿಯು ಎಂಟು ರಸಗಳಲ್ಲಿ ಹಾಸ್ಯಕ್ಕೆ ಶೃಂಗಾರದ ಪಕ್ಕದಲ್ಲಿಯೇ ಪೀಠವನ್ನು ಕೊಟ್ಟನು. ಅದರ ಬಣ್ಣ ಬಿಳಿದೆಂದೂ ಅದರ ಅಧಿದೇವತೆ ಪ್ರಮಥರೆಂದೂ ಹೇಳಿದನು. ಶಿವನ ಗಣಗಳೇ ನಗೆಗೆ ಒಡೆಯರು! ದಶರೂಪಕಗಳಲ್ಲಿ ಪ್ರಹಸನವೂ ಒಂದು. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನು ಮತ್ತವಿಲಾಸ ಪ್ರಹಸನವನ್ನು ಬರೆದು, ಕುಡಿದು ಕಪಾಲವನ್ನು ಕಳೆದುಕೊಂಡ ಕಾಪಾಲಿಕನನ್ನೂ ಅವನೊಡನೆ ಜಗಳಕ್ಕೆ ನಿಂತ ಭಿಕ್ಷುವನ್ನೂ ಒಟ್ಟಿಗೇ ನಗೆಗೀಡು ಮಾಡಿದನು. ನಮ್ಮ ಶರಣರಲ್ಲಿಯೂ ಡಂಭಾಚಾರದ ಬೆನ್ನಿಗೆ ವ್ಯಂಗ್ಯದ ಬಾರುಕೋಲನ್ನು ಬೀಸಿದವರು ಕಡಿಮೆಯಿಲ್ಲ. ಅಂಬಿಗರ ಚೌಡಯ್ಯನನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ನಾಟ್ಯಶಾಸ್ತ್ರದ ಕೊನೆಯಲ್ಲಿ ಒಂದು ಕಥೆಯಿದೆ. ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನು ಅಣಕಿಸಿ ಆಟವಾಡಿದರು. ಋಷಿಗಳು ಸಿಟ್ಟಾಗಿ ಶಾಪವನ್ನಿತ್ತರು. ನಟರು ತಮ್ಮ ಸಾಮಾಜಿಕ ಸ್ಥಾನವನ್ನು ಕಳೆದುಕೊಂಡರು. ಅಣಕಿಸಿದವನಿಗೆ ಶಿಕ್ಷೆ ಎಂಬುದು ಅಂದೇ ಮೊದಲಾಯಿತು. ಮುಂದೆ ನಾನು ಹೇಳುವುದೆಲ್ಲವೂ ಈ ಶಾಪದ ಕಥೆಯೇ. ಶಾಪ ಕೊಡುವವರು ಮಾತ್ರ ಕಾಲಕಾಲಕ್ಕೆ ಬದಲಾದರು.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಬರ್ಲೆಸ್ಕ್ ಎಂಬ ನಾಟಕಪ್ರಕಾರವು ಬಹಳ ಮೆರೆಯಿತು. ಕನ್ನಡದಲ್ಲಿ ಅಣಕು ನಾಟಕ ಎನ್ನಬಹುದು. ಎಲ್ಲರಿಗೂ ಗೊತ್ತಿರುವ ಒಂದು ಪುರಾಣವನ್ನೋ ಸಂಗೀತನಾಟಕವನ್ನೋ ಅರಬ್ಬಿ ಕಥೆಯನ್ನೋ ತೆಗೆದುಕೊಂಡು, ಅದಕ್ಕೆ ಬೀದಿಯಲ್ಲಿ ಜನ ಹಾಡುವ ಮಟ್ಟುಗಳನ್ನು ಜೋಡಿಸಿ, ಪ್ರಾಸಬದ್ಧ ಮಾತುಗಳಲ್ಲಿ ಶ್ಲೇಷೆಯ ಮೇಲೆ ಶ್ಲೇಷೆಯನ್ನು ಹೇರಿ, ನಡುನಡುವೆ ಅಂದಿನ ಪತ್ರಿಕೆಯ ಸುದ್ದಿಯನ್ನೂ ಸೇರಿಸುವುದು ಅದರ ಕ್ರಮ. ಗಂಡಸಿನ ಪಾತ್ರವನ್ನು ಹೆಂಗಸು, ಮುದುಕಿಯ ಪಾತ್ರವನ್ನು ಗಂಡಸು ಆಡುವುದು ಅದರ ಸೊಗಸು. 1861ರಲ್ಲಿ ಎಚ್. ಜೆ. ಬೈರನ್ ಎಂಬ ನಾಟಕಕಾರನ ಅಲ್ಲಾದ್ದೀನನ ಅಣಕು ನಾಟಕವು ಲಂಡನ್ನಿನ ಸ್ಟ್ರಾಂಡ್ ರಂಗಮಂದಿರದಲ್ಲಿ ನಡೆದಾಗ ಅಲ್ಲಾದ್ದೀನನಾಗಿ ನಟಿಸಿದವಳು ಮೇರಿ ವಿಲ್ಟನ್ ಎಂಬ ನಟಿ. ಅವನ ವಿಧವೆ ತಾಯಿಯ ವೇಷವನ್ನು ಹಾಕಿದವನು ಗಂಡಸು. ಆ ತಾಯಿಗೆ ಬೈರನ್ನನು ಇಟ್ಟ ಹೆಸರು ಟ್ವಾಂಕಿ. ಅದು ಅಂದಿನ ಅಂಗಡಿಗಳಲ್ಲಿ ಮಾರುತ್ತಿದ್ದ ಒಂದು ಬಗೆಯ ಚೀನೀ ಚಹದ ಹೆಸರು. ನಮ್ಮ ಕಂಪನಿ ನಾಟಕದ ಹಾಸ್ಯಗಾರನು ತನ್ನ ಹೆಂಡತಿಯ ಪಾತ್ರಕ್ಕೆ ಚಹಪುಡಿಯ ಹೆಸರಿಟ್ಟು ಕರೆದರೆ ಹೇಗೋ ಹಾಗೆ.

ಆಳುವವರು ಹೋದಲ್ಲೆಲ್ಲ ಅವರ ಆಟವೂ ಹೋಯಿತು. ಹಡಗಿನಲ್ಲಿ ಸಿಪಾಯಿಗಳೂ ಗುಮಾಸ್ತರೂ ಹತ್ತಿಯ ವ್ಯಾಪಾರಿಗಳೂ ಬಂದಂತೆ ಈ ನಾಟಕಗಳೂ ಬಂದವು. ಆಸ್ಟ್ರೇಲಿಯದಿಂದ ಲೂಯಿಸ್ ದಂಪತಿಗಳ ಕಂಪನಿಯು 1860ರ ದಶಕದ ಕೊನೆಯಲ್ಲಿ ಕಲ್ಕತ್ತೆಗೆ ಬಂದು ಅಲ್ಲಿಯ ಬಿಳಿಯರನ್ನು ನಗಿಸಿತು. ಬಿಳಿಯರು ನಗುತ್ತಿದ್ದಾಗ ಯಾರಿಗೂ ಅಪಾಯ ಕಾಣಲಿಲ್ಲ. ಅದೇ ಅಣಕದ ವಿದ್ಯೆಯನ್ನು ಬಂಗಾಳಿಗಳು ತಮ್ಮ ನಾಟಕಶಾಲೆಗಳಲ್ಲಿ ಪ್ರಯೋಗಿಸಿದಾಗ ಏನಾಯಿತೆಂಬುದನ್ನು ನಾವು ತಿಳಿದಿರಬೇಕು.

1875ರ ಕೊನೆಯಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗನಾದ ಯುವರಾಜನು ಹಿಂದೂಸ್ಥಾನಕ್ಕೆ ಬಂದನು. ಅವನು ಕಲ್ಕತ್ತೆಯಲ್ಲಿದ್ದಾಗ ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ತಮ್ಮ ಮನೆಗೆ ಕರೆದು, ಅಂತಃಪುರದ ಸ್ತ್ರೀಯರಿಂದ ಸ್ವಾಗತ ಮಾಡಿಸಿದರು. ಊರೆಲ್ಲ ಗುಸುಗುಸು. 1876ರ ಫೆಬ್ರವರಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ಆ ಸಂಗತಿಯನ್ನೇ ಅಣಕಿಸಿ ಗಜದಾನಂದ ಎಂಬ ಹೆಸರಿನಿಂದ ಪ್ರಹಸನವನ್ನು ಆಡಿದರು. ಪೋಲೀಸರು ತಡೆದರು. ನಟರು ಹನುಮಾನ್ ಚರಿತ್ರ ಎಂದು ಹೆಸರನ್ನು ಬದಲಿಸಿ ಮತ್ತೆ ಆಡಿದರು. ಅದನ್ನೂ ತಡೆದಾಗ, ಈ ಸಲ ಪೋಲೀಸರನ್ನೇ ಅಣಕಿಸುವ ಆಟವನ್ನು ಹೂಡಿದರು. ಪೋಲೀಸು ಅಧಿಕಾರಿಗಳ ಹೆಸರು ಹಾಗ್ ಮತ್ತು ಲ್ಯಾಂಬ್. ಒಂದಕ್ಕೆ ಹಂದಿ, ಇನ್ನೊಂದಕ್ಕೆ ಕುರಿಮರಿ ಎಂದು ಅರ್ಥ. ನಾಟಕಕ್ಕೆ ಹಂದಿ ಕುರಿಗಳ ಪೋಲೀಸು ಎಂಬರ್ಥದ ಹೆಸರನ್ನೇ ಇಟ್ಟರು! ಅದೇ ಫೆಬ್ರವರಿ 29ರಂದು ವೈಸರಾಯನ ಸುಗ್ರೀವಾಜ್ಞೆ ಹೊರಟಿತು. ನಾಟಕಶಾಲೆಯ ಉಪೇಂದ್ರನಾಥ ದಾಸ್, ಅಮೃತಲಾಲ ಬಸು ಮೊದಲಾದವರ ಬಂಧನವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾಟಕ ಪ್ರದರ್ಶನಗಳ ಕಾಯಿದೆಯು ಜಾರಿಗೆ ಬಂದಿತು. ಆ ಕಾಯಿದೆ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಪುಸ್ತಕದಲ್ಲಿ ಉಳಿದು, 2018ರಲ್ಲಿ ರದ್ದಾಯಿತು. ತೋಪು ಬಂದೂಕುಗಳಿದ್ದ ಸಾಮ್ರಾಜ್ಯವೊಂದು ಒಂದು ಪ್ರಹಸನಕ್ಕೆ ಇಷ್ಟು ಹೆದರಿತೆಂಬುದನ್ನು ಯೋಚಿಸಿದರೆ, ನಗೆಯು ಕೀಳೆಂಬ ಮಾತು ಎಷ್ಟು ಪೊಳ್ಳೆಂಬುದು ಅರಿವಾಗುತ್ತದೆ. ಇದು ಎರಡನೆಯ ಶಾಪ.

ಇನ್ನು ನಮ್ಮ ಕಡೆಗೆ ಬರೋಣ. ಮುಂಬಯಿಯ ಗ್ರಾಂಟ್ ರೋಡ್ ರಂಗಮಂದಿರದಲ್ಲಿ 1853ರಲ್ಲಿ ಪಾರಸಿಗಳು ರುಸ್ತುಮ್ ಸೊಹ್ರಾಬರ ಕಥೆಯನ್ನು ಆಡಿದಾಗ, ಗಂಭೀರ ನಾಟಕದ ಬಾಲಕ್ಕೆ ಇಂಗ್ಲಿಷರ ಪದ್ಧತಿಯಂತೆ ಒಂದು ಫಾರ್ಸನ್ನು ಕಟ್ಟಿದರು. ಅಂದಿನಿಂದ ಫಾರ್ಸು ಎಂಬುದು ಕಂಪನಿ ನಾಟಕದ ಅಂಗವೇ ಆಯಿತು. 1868ರಲ್ಲಿ ಹುಟ್ಟಿದ ಪಾರಸಿಗಳ ವಿಕ್ಟೋರಿಯಾ ನಾಟಕ ಮಂಡಳಿಯು, ಹೆಸರಿನಲ್ಲಿಯೇ ರಾಣಿಯನ್ನು ಹೊತ್ತುಕೊಂಡು, 1872ರಲ್ಲಿ ದಿವಾನ ಸಾಲಾರ್ ಜಂಗರ ಆಹ್ವಾನದ ಮೇರೆಗೆ ಹೈದರಾಬಾದಿಗೆ ಬಂದಿತು. ಅಂದು ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳೆಲ್ಲ ಅದೇ ನಿಜಾಮರ ಸೀಮೆ. ಲಿಂಗಸುಗೂರಂತೂ 1905ರವರೆಗೆ ಜಿಲ್ಲೆಯ ಕೇಂದ್ರ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಛಾವಣಿ ಇದ್ದ ಊರು. ಕಚೇರಿಯ ಭಾಷೆ ಉರ್ದು, ದಂಡಿನ ಭಾಷೆ ಇಂಗ್ಲಿಷು, ಮನೆಯ ಭಾಷೆ ಕನ್ನಡ. ಇಂಥ ಮೂರು ನಾಲಗೆಯ ನೆಲದಲ್ಲಿ ಹುಟ್ಟಿದವನಿಗೆ ಶ್ಲೇಷೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಚೇರಿಯ ಉರ್ದುವನ್ನು ತಪ್ಪು ತಪ್ಪಾಗಿ ಒದರುವ ಜವಾನನ ವೇಷವು ನಮ್ಮ ಹಳ್ಳಿಯ ನಾಟಕಗಳಲ್ಲಿ ಬಂದಾಗ ನಗದೆ ಕುಳಿತವರನ್ನು ನಾನು ಕಂಡಿಲ್ಲ.

ಆದರೆ ಎಲ್ಲವೂ ಹೊರಗಿನಿಂದಲೇ ಬಂದಿತೆಂದು ಭಾವಿಸುವುದು ತಪ್ಪು. ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕಕ್ಕೆ ನಾಂದಿ ಹಾಡಿದುದಕ್ಕೆ ಕನ್ನಡ ನಾಡಿನ ಭಾಗವತರ ಆಟವೇ ಪ್ರೇರಣೆ. ನಮ್ಮ ದೊಡ್ಡಾಟದಲ್ಲಿ ರಾಜನ ಗತ್ತನ್ನು ಅವನೆದುರಿಗೇ ಇಳಿಸುವ ಸಾರಥಿಯಿದ್ದಾನೆ. ಪಾರಸಿಗಳು ತಂದುದು ಬಣ್ಣದ ಪರದೆ, ಝಗಝಗಿಸುವ ಪೋಷಾಕು, ಟಿಕೀಟಿನ ಪದ್ಧತಿ. ಆ ಹೊಸ ಪರದೆಯ ಮುಂದೆ ಬಂದು ನಿಂತವನು ನಮ್ಮ ಹಳೆಯ ಸಾರಥಿಯೇ. 1887ರಲ್ಲಿ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನವನ್ನು ಪ್ರಕಟಿಸಿ, ಹಣಕ್ಕೆ ಹೆಣ್ಣನ್ನು ಮಾರುವ ಪದ್ಧತಿಯನ್ನು ಅಡುಗೆಮನೆಯ ಆಡುಮಾತಿನಲ್ಲಿಯೇ ಹಳಿದರು. ಅವರೂ ಶಾಸ್ತ್ರಿಗಳೇ ಎಂಬುದನ್ನು ನನ್ನಂಥ ಪಂಡಿತರು ನೆನಪಿಡಬೇಕು.

ಈ ಪರಂಪರೆಯಲ್ಲಿ ಬಹುಕಾಲ ಬಾಳಿದ ನಾಟಕವೆಂದರೆ ಸದಾರಮೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳ (1882–1961) ಹೆಸರಿನೊಡನೆ ಕೂಡಿಕೊಂಡಿರುವ ಈ ನಾಟಕದ ಕಥೆ ಸರಳವಾದುದು. ರಾಜಕುಮಾರನೊಬ್ಬನು ವರ್ತಕನ ಮಗಳನ್ನು ಮೆಚ್ಚುತ್ತಾನೆ. ವರ್ತಕನ ದುರಾಶೆಗೆ ರಾಜ್ಯವನ್ನೇ ಕಳೆದುಕೊಳ್ಳುತ್ತಾನೆ. ಗಂಡ ಹೆಂಡಿರು ಅಗಲುತ್ತಾರೆ. ಕಳ್ಳನೊಬ್ಬನು ಸದಾರಮೆಯನ್ನು ಒಯ್ಯುತ್ತಾನೆ. ಆಕೆ ತನ್ನ ಜಾಣತನದಿಂದ ಅವನನ್ನು ಮರುಳುಮಾಡಿ, ಗಂಡುವೇಷವನ್ನು ತೊಟ್ಟು ಪಾರಾಗುತ್ತಾಳೆ. ಹೆಸರಿಗೆ ಪತಿವ್ರತೆಯ ಕಥೆ. ಆದರೆ ರಂಗದ ಮೇಲೆ ನೋಡಿದರೆ ಎಲ್ಲವೂ ಅಣಕವೇ. ರಾಜತನವು ಲೇವಾದೇವಿಗೆ ಬಿದ್ದ ಸರಕಾಗುತ್ತದೆ. ಸ್ವಯಂವರದ ಜಾಗದಲ್ಲಿ ಚೌಕಾಸಿ ನಡೆಯುತ್ತದೆ. ವೀರನಾಯಕನು ಕೈಕಟ್ಟಿ ನಿಂತಿರುವಾಗ ಕಳ್ಳನು ರಂಗವನ್ನು ಆಳುತ್ತಾನೆ.

ಆ ಕಳ್ಳನ ಪಾತ್ರವು ಗುಬ್ಬಿ ವೀರಣ್ಣನವರ ಹೆಸರಿನೊಡನೆ ಬೆರೆತುಹೋಗಿದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ದಕ್ಷಿಣ ದೇಶದಲ್ಲೆಲ್ಲ ಮೆರೆಸಿದ ವೀರಣ್ಣನವರು ಹೊಟ್ಟೆಪಾಡಿಗೆ ಮಾತ್ರ ನಗಿಸಿದವರಲ್ಲ. ತಮ್ಮ ಆತ್ಮಕಥೆಗೆ ಅವರು ಕಲೆಯೇ ಕಾಯಕ ಎಂಬ ಹೆಸರನ್ನಿಟ್ಟರು. ಆನೆ ಕುದುರೆಗಳನ್ನು ರಂಗಕ್ಕೆ ತಂದು ಕುರುಕ್ಷೇತ್ರವನ್ನು ಆಡಿಸಿದ ಕಂಪನಿ ಅದು. ಆದರೂ ಯಾವ ಆನೆಯೂ ಇಲ್ಲದೆ ಒಬ್ಬ ಕಳ್ಳನು ಜನರ ನೆನಪಿನಲ್ಲಿ ನಿಂತನು.

ಸದಾರಮೆಯ ಸಂಚಾರವನ್ನು ನೋಡಿರಿ. ತಮಿಳಿನಲ್ಲಿ ಸದಾರಂ ಆಗಿ ಆಡಿತು. ಮಲೆಯಾಳದಲ್ಲಿ ಕೆ. ಸಿ. ಕೇಶವ ಪಿಳ್ಳೆಯವರು ತಮಿಳು ನಾಟಕದ ಜಾಡಿನಲ್ಲಿ 1903ರಲ್ಲಿ ಸದಾರಾಮವನ್ನು ರಚಿಸಿದರು. ಕನ್ನಡ ಚಲನಚಿತ್ರವು ಮಾತಾಡತೊಡಗಿದ ಮರುವರ್ಷವೇ, 1935ರಲ್ಲಿ, ಸದಾರಮೆಯು ತೆರೆಗೆ ಬಂದಳು. 1956ರಲ್ಲಿ ಮತ್ತೊಮ್ಮೆ ಬಂದಳು. ವೀರಣ್ಣನವರು 1972ರಲ್ಲಿ ಶಿವೈಕ್ಯರಾದ ಮೇಲೆಯೂ ನಾಟಕವು ನಿಲ್ಲಲಿಲ್ಲ. ಅವರ ಮೊಮ್ಮಗಳಾದ ಬಿ. ಜಯಶ್ರೀಯವರು ಅದನ್ನು ಮತ್ತೆ ರಂಗಕ್ಕೆ ತಂದು ತಾವೇ ಗಂಡುವೇಷವನ್ನು ಕಟ್ಟಿದರು. ಹಿಂದೆ ಗಂಡಸೊಬ್ಬನು ಸದಾರಮೆಯಾಗಿ, ಆ ಸದಾರಮೆಯು ಮತ್ತೆ ಗಂಡಸಿನ ವೇಷ ತೊಡುವ ಕಾಲವಿತ್ತು. ಲಂಡನ್ನಿನಲ್ಲಿ ಮೇರಿ ವಿಲ್ಟನ್ ಅಲ್ಲಾದ್ದೀನಳಾದುದಕ್ಕೂ ಇದಕ್ಕೂ ನೇರವಾದ ಸಂಬಂಧವಿದೆಯೆಂದು ನಾನು ಸಾಧಿಸಹೊರಟಿಲ್ಲ. ನಗೆಯು ಎಲ್ಲಿ ಹುಟ್ಟಿದರೂ ವೇಷವನ್ನು ತಿರುವುಮುರುವು ಮಾಡಿಯೇ ಸತ್ಯವನ್ನು ತೋರಿಸುತ್ತದೆ ಎಂಬುದಷ್ಟೇ ನನ್ನ ತಾತ್ಪರ್ಯ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಇಂಥ ನಾಟಕಗಳ ಅಚ್ಚಾದ ಪುಸ್ತಕವನ್ನು ಓದಿದರೆ ಅರ್ಧ ನಾಟಕವೂ ಸಿಕ್ಕುವುದಿಲ್ಲ. ಕಂದ, ವೃತ್ತ, ರಾಗ, ತಾಳಗಳೆಲ್ಲ ಇರುತ್ತವೆ. ಹಾಸ್ಯಗಾರನು ಆ ರಾತ್ರಿ, ಆ ಊರಿನಲ್ಲಿ, ಆ ಜನರ ಮುಖವನ್ನು ನೋಡಿ ಕಟ್ಟಿದ ಮಾತು ಪುಸ್ತಕದಲ್ಲಿರುವುದಿಲ್ಲ. ಊರ ಗೌಡನ ಜಿಪುಣತನವೂ, ಕಾಲುವೆಗೆ ನೀರು ಬಾರದುದೂ, ಬಸ್ಸು ತಡವಾದುದೂ ಅವನ ಬಾಯಲ್ಲಿ ನಾಟಕವಾಗುತ್ತಿದ್ದವು. ಅದು ಬಾಯಿಂದ ಬಾಯಿಗೆ ನಡೆದ ಸಾಹಿತ್ಯ. ಪಂಡಿತರಾದ ನಾವು ಅದನ್ನು ಸಾಹಿತ್ಯವೆಂದು ಎಣಿಸಲಿಲ್ಲ, ಬರೆದಿಡಲಿಲ್ಲ. ನಟನು ಸತ್ತಾಗ ಅದೂ ಸತ್ತಿತು. ಇದು ಮೂರನೆಯ ಶಾಪ. ಇದನ್ನಿತ್ತವರು ಋಷಿಗಳೂ ಅಲ್ಲ, ವೈಸರಾಯನೂ ಅಲ್ಲ, ನಾವೇ.

ಈಗ ನನ್ನ ತಪ್ಪೊಪ್ಪಿಗೆ. ನಾನು ವಿದ್ವತ್ ಪರೀಕ್ಷೆಯನ್ನು ಮುಗಿಸಿ ಪಂಡಿತನಾಗಿ ಸೇರಿದ ಹೊಸತು. ಸ್ನೇಹಸಮ್ಮೇಳನಕ್ಕೆ ಹುಡುಗರಿಂದ ನಾಟಕವಾಡಿಸಲು ಹಿರಿಯ ಉಪಾಧ್ಯಾಯರೊಬ್ಬರು ಸಿಂಧನೂರಿನಿಂದ ಒಬ್ಬ ಪೇಟಿ ಮಾಸ್ತರರನ್ನು ಕರೆತಂದರು. ಒಂದು ಕಾಲಕ್ಕೆ ಊರೂರು ತಿರುಗಿದ ಕಂಪನಿಗಳಲ್ಲಿ ಹಾಸ್ಯಪಾತ್ರ ಮಾಡಿದವರು. ಆಗ ಎಪ್ಪತ್ತರ ಹತ್ತಿರದ ವಯಸ್ಸು. ಒಂದು ಸಣ್ಣ ಎಲೆ ಅಡಿಕೆಯ ಅಂಗಡಿಯಿಂದ ಜೀವನ. ಚೀಲದಿಂದ ಒಂದು ಹೊಲಿದ ಕಟ್ಟನ್ನು ತೆಗೆದು ನನ್ನ ಕೈಗಿತ್ತರು. ಸದಾರಮೆಯ ಕಳ್ಳನ ಪ್ರಸಂಗ, ಆದರೆ ಪುಸ್ತಕದಲ್ಲಿದ್ದಂತಲ್ಲ. ಅವರು ಐವತ್ತು ವರ್ಷಗಳಲ್ಲಿ ನಮ್ಮ ಸೀಮೆಯ ಮಾತಿಗೆ ತಿರುಗಿಸಿಕೊಂಡು, ಜಾತ್ರೆಯಿಂದ ಜಾತ್ರೆಗೆ ಬೆಳೆಸಿದ ಪಾಠ. ಅಂಬಾಮಠದ ಜಾತ್ರೆಯಲ್ಲಿ ಒಂದು ಮಾತು, ಗುರುಗುಂಟಾ ಅಮರೇಶ್ವರನ ಜಾತ್ರೆಯಲ್ಲಿ ಒಂದು ಮಾತು, ಮಸ್ಕಿಯಲ್ಲಿ ಇನ್ನೊಂದು ಮಾತು ಎಂದು ಅಂಚಿನಲ್ಲಿ ಗುರುತು ಬೇರೆ.

ನಾನು ಎರಡು ರಾತ್ರಿ ಕುಳಿತು ಅದಕ್ಕೆ ಕೆಂಪು ಪೆನ್ಸಿಲಿನಿಂದ ಗೀಟು ಎಳೆದೆ. ಗ್ರಾಮ್ಯವೆಂದು ಕಂಡದ್ದಕ್ಕೆ ಗೀಟು, ವ್ಯಾಕರಣ ತಪ್ಪಿದ್ದಕ್ಕೆ ಗೀಟು, ಸ್ವಾಮಿಗಳ ವೇಷದಲ್ಲಿ ಕಳ್ಳನು ಬರುವಲ್ಲಿ ಇಡೀ ಪುಟಕ್ಕೇ ಗೀಟು. ಮರಳಿ ಕೊಟ್ಟಾಗ ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಪಂಡಿತರ, ನೀವು ಹೊಡದದ್ದು ಖರೇನ ಅದ. ಆದ್ರ ನಗೀನ ತಗದ್ರ ಉಳದದ್ದು ಬರೇ ಕಳವು ಅಲ್ಲೇನ್ರಿ?" ಎಂದರು. ಸಿಟ್ಟಿರಲಿಲ್ಲ. ಚಹ ಕುಡಿದು, ಕಟ್ಟನ್ನು ಚೀಲಕ್ಕಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು. ಆ ವರ್ಷ ನಾವು ನೀತಿಬೋಧಕವಾದ ಒಂದು ನಾಟಕವನ್ನು ಆಡಿಸಿದೆವು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಎರಡನೆಯ ಅಂಕಕ್ಕೆ ಮುಂದಿನ ಸಾಲಿನ ಪಾಲಕರನ್ನು ಬಿಟ್ಟರೆ ಉಳಿದವರೆಲ್ಲ ಎದ್ದುಹೋಗಿದ್ದರು.

ಹಲವು ವರ್ಷಗಳ ಮೇಲೆ, ಮಹೇಂದ್ರವರ್ಮನ ಪ್ರಹಸನವನ್ನು ಪಾಠ ಹೇಳುವ ಸಂದರ್ಭ ಬಂದಾಗ ನನಗೆ ಆ ಕಟ್ಟಿನ ನೆನಪಾಯಿತು. ಕುಡುಕ ಸಂನ್ಯಾಸಿಯನ್ನು ಸಂಸ್ಕೃತದಲ್ಲಿ ಕಂಡು ಮೆಚ್ಚುವ ನಾನು, ಸ್ವಾಮಿಯ ವೇಷದ ಕಳ್ಳನನ್ನು ನಮ್ಮ ಸೀಮೆಯ ಕನ್ನಡದಲ್ಲಿ ಕಂಡಾಗ ಏಕೆ ಗೀಟು ಎಳೆದೆ? ಸಿಂಧನೂರಿಗೆ ಹೋಗಿ ವಿಚಾರಿಸಿದೆ. ಮಾಸ್ತರರು ತೀರಿಕೊಂಡು ಮೂರು ವರ್ಷವಾಗಿತ್ತು. ಮಳೆಗಾಲದಲ್ಲಿ ಮಾಳಿಗೆ ಸೋರಿ ಟ್ರಂಕಿನಲ್ಲಿದ್ದ ಕಾಗದಗಳೆಲ್ಲ ಮುದ್ದೆಯಾದವೆಂದು ಮನೆಯವರು ಹೇಳಿದರು. ಎರಡು ರಾತ್ರಿ ನನ್ನ ಮೇಜಿನ ಮೇಲಿದ್ದ ಅದನ್ನು ನಾನು ನಕಲು ಮಾಡಿಕೊಂಡಿದ್ದರೆ ಇಂದು ಈ ಸಂಚಿಕೆಯಲ್ಲಿ ಅಚ್ಚು ಹಾಕಬಹುದಾಗಿತ್ತು. ನಾನು ಮಾಡಿದ್ದು ಗೀಟು ಎಳೆಯುವ ಕೆಲಸವೊಂದೇ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪವಿದೆ. ಅದು ಹುರುಳಿಲ್ಲದ್ದೂ ಅಲ್ಲ. ಇಂದು ಜಾತ್ರೆಯ ಕ್ಯಾಂಪುಗಳಲ್ಲಿ ನಡೆಯುವ ನಾಟಕಗಳ ಹಾಸ್ಯವು ದ್ವಂದ್ವಾರ್ಥದಿಂದ ತುಂಬಿ, ಮನೆಮಂದಿ ಕೂಡಿ ನೋಡುವಂತಿಲ್ಲ. ಅಂಥದನ್ನು ಶಾಲೆಗೆ ತರಬೇಕೆ ಎಂದು ಕೆಲವರು ಕೇಳಬಹುದು. ತರಬೇಕೆಂದು ನಾನು ಹೇಳುವುದಿಲ್ಲ. ಆದರೆ ಆ ಸ್ಥಿತಿ ಬಂದುದು ಏಕೆಂಬುದನ್ನು ಯೋಚಿಸೋಣ. ಓದಿದವರು ಹಾಸ್ಯಗಾರನ ಕೈ ಬಿಟ್ಟರು. ಅವನಿಗೆ ಉಳಿದ ಗುರುವೆಂದರೆ ಟಿಕೀಟಿನ ಕಿಟಕಿಯೊಂದೇ. ಹೊಲದಲ್ಲಿ ಕಳೆ ಬೆಳೆಯಿತೆಂದು ಒಕ್ಕಲಿಗನು ಹೊಲವನ್ನೇ ಬಿಟ್ಟುಹೋಗುವುದಿಲ್ಲ. ಕುಡುಗೋಲು ಹಿಡಿದು ಒಳಗೆ ಇಳಿಯುತ್ತಾನೆ. ಲಂಚಾವತಾರವನ್ನಾಡಿದ ಮಾಸ್ಟರ್ ಹಿರಣ್ಣಯ್ಯನವರು (1934–2019) ಅಧಿಕಾರಸ್ಥರನ್ನು ಹೆಸರಿಡಿದು ಅಣಕಿಸಿಯೂ ಹೆಂಗಸರು ಮಕ್ಕಳು ಕುಳಿತು ನೋಡುವಂತೆ ನಾಟಕವನ್ನು ನಡೆಸಿದರಲ್ಲವೆ?

ಇಷ್ಟಕ್ಕೂ ನಮ್ಮ ಶಾಲೆಯ ವೇದಿಕೆಯ ಮೇಲೆ ಇಂದು ಏನು ನಡೆಯುತ್ತಿದೆ? ಸಿನಿಮಾ ಹಾಡನ್ನು ಯಂತ್ರದಲ್ಲಿ ಹಚ್ಚಿ, ಅದಕ್ಕೆ ತಕ್ಕಂತೆ ಮಕ್ಕಳು ಕೈಕಾಲು ಆಡಿಸುತ್ತಾರೆ. ಅದರಲ್ಲಿ ಮಗುವಿನ ನಾಲಗೆಗೆ ಕೆಲಸವಿಲ್ಲ. ಒಂದು ಒಳ್ಳೆಯ ಪ್ರಹಸನದಲ್ಲಿ ಶ್ಲೇಷೆಯನ್ನು ಅರಿತು ಹೇಳಬೇಕಾದ ಹುಡುಗನು ಕನ್ನಡ ಶಬ್ದದ ಎರಡು ಮುಖಗಳನ್ನೂ ಬಲ್ಲವನಾಗಬೇಕು. ನಾನು ಒಂದು ವರ್ಷ ಶ್ಲೇಷಾಲಂಕಾರವನ್ನು ಪಾಠ ಹೇಳಿ ಕಲಿಸಲಾರದುದನ್ನು ಆ ಕಳ್ಳನು ಒಂದು ತಿಂಗಳ ತಾಲೀಮಿನಲ್ಲಿ ಕಲಿಸುತ್ತಿದ್ದನು. ದೊಡ್ಡವರ ಡಂಭವನ್ನು ನಗುತ್ತ ಗುರುತಿಸಲು ಕಲಿತ ಹುಡುಗನು ನಾಳೆ ಯಾವ ವೇಷಕ್ಕೂ ಸುಲಭವಾಗಿ ಮರುಳಾಗನು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ಬಿನ್ನಹಗಳು ಎರಡು. ಮೊದಲನೆಯದು: ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುತ್ತಿನ ಹಳ್ಳಿಗಳಲ್ಲಿ ಕಂಪನಿಗಳಲ್ಲಿ ದುಡಿದ ವೃದ್ಧ ನಟನಟಿಯರೂ ಪೇಟಿ ಮಾಸ್ತರರೂ ಇನ್ನೂ ಇದ್ದಾರೆ. ಅವರ ಹಾಸ್ಯಪ್ರಸಂಗಗಳನ್ನು ಅವರ ಮಾತಿನಲ್ಲಿಯೇ, ಒಂದಕ್ಷರವನ್ನೂ ತಿದ್ದದೆ, ಧ್ವನಿಮುದ್ರಿಸಿ ಬರೆದಿಡಬೇಕು. ಇಂದು ಪ್ರತಿಯೊಬ್ಬ ಹುಡುಗನ ಮನೆಯಲ್ಲಿಯೂ ಧ್ವನಿ ಹಿಡಿಯುವ ಮೊಬೈಲ್ ಇದೆ. ಬೇಕಾದುದು ಹೋಗಿ ಕುಳಿತುಕೊಳ್ಳುವ ವ್ಯವಧಾನ ಮಾತ್ರ. ನಟರಿಗೆ ಬರಿಗೈ ನಮಸ್ಕಾರ ಸಲ್ಲದು. ಗೌರವಧನವನ್ನು ದಾನಿಗಳು ಮನಸ್ಸು ಮಾಡಿದರೆ ಕೊಡಬಹುದು. ಎರಡನೆಯದು: ವರ್ಷಕ್ಕೊಂದು ಪ್ರಹಸನವನ್ನು ಮಕ್ಕಳಿಂದ ಆಡಿಸಬೇಕು. ಅದರಲ್ಲಿ ಉಪಾಧ್ಯಾಯರನ್ನೂ ಅಣಕಿಸುವ ಒಂದು ಪಾತ್ರವಿರಲಿ. ಪಂಡಿತನ ಪಾತ್ರವೇ ಆದರೆ ಇನ್ನೂ ಒಳ್ಳೆಯದು. ಕಿವಿಯ ಮೇಲೊಂದು ಕೆಂಪು ಪೆನ್ಸಿಲನ್ನು ಸಿಕ್ಕಿಸಿಕೊಂಡು ಅವನು ರಂಗಕ್ಕೆ ಬರಲಿ. ಮುಂದಿನ ಸಾಲಿನಲ್ಲಿ ಕುಳಿತು ಮೊದಲು ನಗುವವನು ನಾನೇ.

ಭರತನ ಮಕ್ಕಳಿಗಾದ ಶಾಪವನ್ನು ಕಳೆಯುವುದು ನಮ್ಮ ಕೈಯಲ್ಲಿಲ್ಲ. ಕಾಯಿದೆಯ ಶಾಪವನ್ನು ಸರಕಾರವೇ ಕಳೆಯಿತು. ಪಂಡಿತರು ಕೊಟ್ಟ ಶಾಪವನ್ನಾದರೂ ಪಂಡಿತರೇ ಹಿಂದೆಗೆದುಕೊಳ್ಳಬೇಕಲ್ಲವೆ? ನನ್ನ ಪಾಲಿನದನ್ನು ಈ ಬರಹದ ಮೂಲಕ ಹಿಂದೆಗೆದುಕೊಂಡಿದ್ದೇನೆ. ಓದಿದ ಹಿರಿಯರು ಹರಸಬೇಕು.